ಬನ್ನಂಜೆಯ ಸದ್ದಿಲ್ಲದ ಗಿಟಾರು

ಭಾನುವಾರ ಬೆಳಿಗ್ಗೆ ಏಳೂವರೆಗೆ ಮನೆಯ ಯಜಮಾನ್ತಿ ಅಮ್ಮಣ್ಣಿಯಕ್ಕ ಉಪ್ಪರಿಗೆಯ ಮೆಟ್ಟಿಲು ಹತ್ತಿ ಬಂದು, ದೋಸೆ ಹಿಟ್ಟಿನ ಪಾತ್ರೆಯೊಂದನ್ನು ಯೋಗೀಶನ ಮೂಗಿನ ಕೆಳಗೆ ಹಿಡಿದರು.

“ನೋಡು ಇದನ್ನು. ಈ ಮೇಲಿನ ಸದ್ದು ನನಗೆ ಸಾಕಾಯಿತು ಮಾರಾಯ. ಇವತ್ತಿನಿಂದ ನಿಲ್ಲಬೇಕು. ನಿಲ್ಲದಿದ್ದರೆ ತಿಂಗಳ ಕೊನೆಗೆ ಕೋಣೆ ಖಾಲಿ ಮಾಡು.”

ಪಾತ್ರೆಯನ್ನು ಅವನ ಕೈಗೆ ತುರುಕಿ, ನೋಯುವ ಮೊಣಕಾಲನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಇಳಿದು ಹೋದರು. ಯೋಗೀಶ ಇನ್ನೂ ಪೂರ್ತಿ ಎದ್ದಿರಲಿಲ್ಲ. ಅವನ ತಲೆಗೆ ಹೊಕ್ಕಿದ್ದು ‘ಖಾಲಿ’ ಎಂಬ ಒಂದೇ ಮಾತು. ಬೈದರೂ ಹಿಟ್ಟು ಕೊಟ್ಟು ಹೋದರಲ್ಲ, ಎಷ್ಟಾದರೂ ತಾಯಿ ಕರುಳು ಎಂದುಕೊಂಡು ಸ್ಟವ್ ಹಚ್ಚಿ ನಾಲ್ಕು ದೋಸೆ ಹೊಯ್ದ. ಹಿಟ್ಟಿನಲ್ಲಿ ಕಪ್ಪು ಕಪ್ಪಾಗಿ ಏನೋ ಇತ್ತು. ಕಾಳುಮೆಣಸು ಹಾಕಿರಬೇಕು ಎಂದು ತಿಂದ. ಖಾರ ಮಾತ್ರ ಇರಲಿಲ್ಲ.

ಯೋಗೀಶ ಕಾರ್ಕಳದಾಚೆಯ ಬಜಗೋಳಿಯವನು. ಮಲ್ಪೆಯಲ್ಲಿ ಬಲೆ, ಹಗ್ಗ ಮಾರುವ ಅಂಗಡಿಯಲ್ಲಿ ಕೆಲಸ. ಮದುವೆಯಾಗದ ಗಂಡಸಿಗೆ ಉಡುಪಿಯಲ್ಲಿ ಕೋಣೆ ಸಿಗುವುದೆಂದರೆ ಏನೆಂದು ಅನುಭವಿಸಿದವರಿಗೇ ಗೊತ್ತು. ಎಂಟು ತಿಂಗಳ ಹಿಂದೆ ಅವನು ಹನ್ನೊಂದು ಮನೆಗಳ ಜಗಲಿ ಹತ್ತಿ ಇಳಿದಿದ್ದ. “ಫ್ಯಾಮಿಲಿ ಉಂಟಾ?” ಎಂದು ಅರ್ಧ ಜನ ಕೇಳಿದರು, “ಮೀನು ತಿನ್ನುತ್ತೀರಾ?” ಎಂದು ಉಳಿದರ್ಧ. ಫ್ಯಾಮಿಲಿ ಇಲ್ಲ, ಮೀನು ಉಂಟು ಎನ್ನುವವನನ್ನು ಒಳಗೆ ಕರೆದು ಚಹಾ ಕೊಟ್ಟವರು ಬನ್ನಂಜೆಯ ಅಮ್ಮಣ್ಣಿಯಕ್ಕ ಒಬ್ಬರೇ. ಗಂಡನ ಬೋಟಿನ ದುಡಿಮೆಯಲ್ಲಿ ಕೊಂಡ ಹಳೆಯ ಹಂಚಿನ ಮನೆ ಅವರದು. ಉಪ್ಪರಿಗೆಯ ನೆಲ ಮರದ ಹಲಗೆಯದು. ಅಂಥ ಕೋಣೆ ಕೈಬಿಟ್ಟರೆ ಹನ್ನೆರಡನೆಯ ಜಗಲಿ ಹತ್ತುವ ತಾಕತ್ತು ಅವನಲ್ಲಿ ಉಳಿದಿರಲಿಲ್ಲ.

ಹಾಗಂತ ಗಿಟಾರ್ ಬಿಡುವುದೂ ಅವನಿಂದಾಗದ ಮಾತು. ಮಣಿಪಾಲದಲ್ಲಿ ಓದು ಮುಗಿಸಿ ಊರಿಗೆ ಹೊರಟ ಹುಡುಗನೊಬ್ಬ ಹಾಸಿಗೆ, ಬಕೆಟ್ಟಿನ ಜೊತೆ ಮಾರಿ ಹೋದ ಎಲೆಕ್ಟ್ರಿಕ್ ಗಿಟಾರ್ ಅದು. ಜೊತೆಗೆ ಅಕ್ಕಿ ಮುಡಿಯಷ್ಟು ದಪ್ಪದ ಒಂದು ಆಂಪು, ಅಂದರೆ ಗಿಟಾರಿನ ಧ್ವನಿ ಹೊರಡಿಸುವ ಸ್ಪೀಕರ್ ಪೆಟ್ಟಿಗೆ. ದಿನವಿಡೀ ಬೋಟಿನವರ ಜೊತೆ ಹಗ್ಗದ ದಪ್ಪದ ಬಗ್ಗೆ ವಾದ ಮಾಡಿ ಬಂದ ಮೇಲೆ ಸಂಜೆ ಒಂದು ಗಂಟೆ ಕಣ್ಣು ಮುಚ್ಚಿ ಅದನ್ನು ಬಾರಿಸದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಲಿಗೋರಿ ಪೊರ್ಬುಗಳು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅವರು ಅದೇ ಮನೆಯ ಕೆಳಗಿನ ಅರ್ಧ ಭಾಗದ ಬಾಡಿಗೆದಾರರು; ಕ್ರೈಸ್ತರನ್ನು ಈ ಕಡೆ ಗೌರವದಿಂದ ಪೊರ್ಬುಗಳು ಎನ್ನುವುದು ವಾಡಿಕೆ. ಬಹರೇನಿನಲ್ಲಿ ಇಪ್ಪತ್ತೆರಡು ವರ್ಷ ಏಸಿ ರಿಪೇರಿ ಮಾಡಿ ಬಂದವರಾದ್ದರಿಂದ ವೈರು ಇರುವ ಪ್ರತಿಯೊಂದು ವಸ್ತುವೂ ತಮ್ಮ ಸುಪರ್ದಿಗೆ ಸೇರಿದ್ದೆಂದು ಅವರ ನಂಬಿಕೆ.

“ಹೆದರಬೇಡ. ಈಗ ಡಿಜಿಟಲ್ ಬಂದಿದೆ,” ಎಂದರು ಕೆಳಗಿಳಿದು ಬಂದ ಯೋಗೀಶನಿಗೆ. “ಗಿಟಾರಿನ ವೈರು ಒಂದು ಸಣ್ಣ ಪೆಟ್ಟಿಗೆಗೆ ಚುಚ್ಚುವುದು, ಪೆಟ್ಟಿಗೆಯಿಂದ ಹೆಡ್‌ಫೋನು ಕಿವಿಗೆ. ನಿನ್ನ ಕಿವಿಯಲ್ಲಿ ಸಿಡಿಲು ಹೊಡೆದರೂ ಪಕ್ಕದವನಿಗೆ ಸೊಳ್ಳೆ ಹಾರಿದಷ್ಟೂ ಕೇಳುವುದಿಲ್ಲ. ನಡಿ ಮಣಿಪಾಲಕ್ಕೆ. ನನಗೆ ಜನ ಗೊತ್ತುಂಟು.”

“ನೀವು ಬರುವುದು ಬೇಡ ಪೊರ್ಬುಗಳೇ, ಸುಮ್ಮನೆ ತೊಂದರೆ.”

“ಎಂತ ತೊಂದರೆ? ಚರ್ಚಿನ ಮಾಸ್ ಬೆಳಿಗ್ಗೆಯೇ ಮುಗಿಸಿದ್ದೇನೆ,” ಎಂದು ಅವರು ಆಗಲೇ ಚಪ್ಪಲಿ ಮೆಟ್ಟಿದ್ದರು.

ಎರಡು ಸಾವಿರದ ಮೂರನೆಯ ಇಸವಿಯ ಮಾತು ಇದು. ಟೈಗರ್ ಸರ್ಕಲ್ಲಿನ ಹಿಂದಿನ ಓಣಿಯಲ್ಲಿ ಹೆರಾಲ್ಡ್ ಎಂಬವನ ವಾದ್ಯಗಳ ಅಂಗಡಿ. ವಿದ್ಯಾರ್ಥಿಗಳು ಬಿಟ್ಟುಹೋದದ್ದನ್ನೆಲ್ಲ ಒರೆಸಿ ಇಟ್ಟು ಮಾರುತ್ತಿದ್ದ, ಒರೆಸುವಾಗ ಮಾತಾಡುತ್ತಿರಲಿಲ್ಲ. ಯೋಗೀಶನ ಕಷ್ಟ ಕೇಳಿ ಗಾಜಿನ ಶೋಕೇಸಿನ ಮೇಲೆ ಮೂರು ಪೆಟ್ಟಿಗೆ ತಂದಿಟ್ಟ.

ಮೊದಲನೆಯದು ಕ್ಯಾಸೆಟ್ಟಿನಷ್ಟು ದೊಡ್ಡದು. ಸೊಂಟಕ್ಕೆ ಸಿಕ್ಕಿಸಿಕೊಳ್ಳಬಹುದು, ಬ್ಯಾಟರಿಯಲ್ಲಿ ಓಡುತ್ತದೆ, ಕರೆಂಟು ಹೋದರೂ ಚಿಂತೆಯಿಲ್ಲ. ಯೋಗೀಶ ಹೆಡ್‌ಫೋನ್ ಹಾಕಿ ತಂತಿ ಮೀಟಿದ. ಬೆಂಕಿಪೊಟ್ಟಣದೊಳಗೆ ನೊಣ ಸಿಕ್ಕಿಕೊಂಡ ಹಾಗೆ ಕೇಳಿಸಿತು.

ಎರಡನೆಯದು ಕಬ್ಬಿಣದ್ದು, ನೆಲದ ಮೇಲಿಟ್ಟು ಕಾಲಿನಿಂದ ಗುಂಡಿ ಒತ್ತಿ ಧ್ವನಿ ಬದಲಿಸುವಂಥದು. ಲಿಗೋರಿ ಪೊರ್ಬುಗಳು ಅದನ್ನು ಎರಡೂ ಕೈಯಲ್ಲಿ ಎತ್ತಿ ತೂಗಿ ನೋಡಿದರು. “ಇದನ್ನೇ ತೆಗೆದುಕೊ. ಭಾರ ಉಂಟು, ಒಳ್ಳೆಯ ಮಾಲು.”

“ಇದರಲ್ಲಿ ಒಂದು ಧ್ವನಿ ಸರಿ ಮಾಡಬೇಕಾದರೆ ಅರ್ಧ ಪುಸ್ತಕ ಓದಬೇಕು,” ಎಂದ ಹೆರಾಲ್ಡ್. “ಸ್ಟೇಜಿಗೆ ಒಳ್ಳೆಯದು. ಮನೆಯಲ್ಲಿ ಬಾರಿಸುವವನಿಗೆ ಎಂತಕ್ಕೆ?”

“ಅಲ್ವಾ? ಕಾಲಿಗೆ ಎಂತ ಕೆಲಸ? ನನಗೆ ಕೈ ಸಾಕು,” ಎಂದ ಯೋಗೀಶ.

ಮೂರನೆಯದು ಕೆಂಪು ಬಣ್ಣದ್ದು, ಆಕಾರ ಥೇಟ್ ಹಲಸಿನ ಬೀಜ. ಮೇಲೆ ಸಾಲಾಗಿ ತಿರುಪುವ ಗುಂಡಿಗಳು. ಡಾಕ್ಟರಾಗಿ ಮಲೇಶಿಯಾಕ್ಕೆ ಹೋದ ಹುಡುಗಿಯೊಬ್ಬಳು ಬಿಟ್ಟು ಹೋದದ್ದು. “ಇದರೊಳಗೆ ಹದಿನಾರು ನಮೂನೆಯ ದೊಡ್ಡ ಆಂಪುಗಳ ಧ್ವನಿ ಉಂಟು,” ಎಂದ ಹೆರಾಲ್ಡ್. “ಆಂಪು ಇಲ್ಲ, ಧ್ವನಿ ಮಾತ್ರ. ಒಬ್ಬನೇ ವೇಷಧಾರಿ ಹದಿನಾರು ವೇಷ ಕಟ್ಟಿದ ಹಾಗೆ. ಬೇರೆ ಯಾವುದೂ ನೋಡಬೇಡ. ಹೆಡ್‌ಫೋನಿನಲ್ಲಿ ಹೇಗೆ ಕೇಳುತ್ತದೆ, ಅಷ್ಟು ನೋಡು.”

ಯೋಗೀಶ ನೋಡಿದ. ಒಂದು ಗುಂಡಿ ತಿರುಗಿಸಿದ್ದೇ ತಡ, ಅವನು ಬನ್ನಂಜೆಯವನಾಗಿ ಉಳಿಯಲಿಲ್ಲ. ದೊಡ್ಡ ಮೈದಾನವೊಂದರ ನಡುವೆ ನಿಂತು ಸಾವಿರಾರು ಜನರ ಎದುರು ಬಾರಿಸುತ್ತಿದ್ದೇನೆ ಎನ್ನಿಸಿ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಅವನು ಹಾಗೆ ಮೈಮರೆತಿರುವಾಗ ಶೋಕೇಸಿನ ಗಾಜು ಗಡಗಡ ಎಂದಿತು. ಒಳಗೆ ಸಾಲಾಗಿಟ್ಟಿದ್ದ ಮೌತ್ ಆರ್ಗನ್ನುಗಳು ಒಂದೊಂದಾಗಿ ಅಂಚಿನ ಕಡೆ ನಡೆಯತೊಡಗಿದವು. ಹೆರಾಲ್ಡ್ ಎರಡೂ ಅಂಗೈಯಿಂದ ಗಾಜನ್ನು ಅದುಮಿ ಹಿಡಿದ.

“ಹೊರಗೆ ಕಾರ್ಕಳದ ಕಲ್ಲಿನ ಲಾರಿ ಹೋದದ್ದಿರಬೇಕು,” ಎಂದರು ಪೊರ್ಬುಗಳು. ಹೆರಾಲ್ಡ್ ಬಾಗಿಲಾಚೆಯ ಓಣಿಯನ್ನು ಒಮ್ಮೆ ನೋಡಿ, ಯೋಗೀಶನನ್ನು ಒಮ್ಮೆ ನೋಡಿ, ವ್ಯಾಪಾರ ಕೆಡಿಸುವುದು ಯಾಕೆಂದು ಸುಮ್ಮನಾದ. ಯೋಗೀಶ ಹೊಸ ಬೈಕಿಗೆಂದು ಕೂಡಿಟ್ಟದ್ದೆಲ್ಲ ಅಲ್ಲೇ ಬಿಟ್ಟು, ಹಲಸಿನ ಬೀಜವನ್ನು ಎದೆಗವಚಿಕೊಂಡು ಸಿಟಿ ಬಸ್ಸು ಹತ್ತಿದ.

ಮಧ್ಯಾಹ್ನ ಮನೆಗೆ ಬಂದಾಗ ಅಂಗಳದಲ್ಲಿ ಬಂಗುಡೆ ಸಾರಿನ ಪರಿಮಳ. ಕಾಪುವಿನಿಂದ ಅಮ್ಮಣ್ಣಿಯಕ್ಕನ ಅಣ್ಣ ಬೂಬಣ್ಣ ಬಂದಿದ್ದರು. ಮೀನು ವ್ಯಾಪಾರ ಮಕ್ಕಳಿಗೆ ಬಿಟ್ಟುಕೊಟ್ಟು, ಈಗ ಪೂರ್ತಿ ಸಮಯ ತಮ್ಮ ಕುಟುಂಬದ ದೈವದ ಚಾಕರಿಯಲ್ಲಿ ನಿಲ್ಲುವವರು. ನೇಮದ ಉತ್ಸವದ ದಿನ ದೈವ ಮನುಷ್ಯನ ಮೈಮೇಲೆ ಬಂದಾಗ ಎದುರು ನಿಂತು ಮಾತಾಡಿಸುವ ಹಕ್ಕು ಆ ಮನೆಯಲ್ಲಿ ಅವರೊಬ್ಬರಿಗೇ ಇತ್ತು. ಎತ್ತರದ ಆಳು, ಬಿಳಿ ಮುಂಡು, ಹುಬ್ಬು ಗಂಟಿಕ್ಕಿಯೇ ಇರುತ್ತಿತ್ತು.

ಯೋಗೀಶ ಮೇಲೆ ಹೋಗಿ ಎಲ್ಲ ಜೋಡಿಸಿದ. ಹಳೆಯ ಆಂಪನ್ನು ಮಂಚದಡಿ ತಳ್ಳಿದ. ಪರೀಕ್ಷೆಗೆಂದು ಪೊರ್ಬುಗಳನ್ನು ಅಂಗಳದಲ್ಲಿ ನಿಲ್ಲಿಸಿ ಕಿಟಕಿಯ ಹತ್ತಿರ ನಿಂತು ಒಂದು ಸಲ ತಂತಿಯನ್ನು ಜೋರಾಗಿ ಎಳೆದ.

“ಎಂತಾದರೂ ಕೇಳಿತಾ?”

“ಏನೂ ಇಲ್ಲ! ಬಾರಿಸಿದೆಯಾ?”

ಯೋಗೀಶನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕೋಣೆ ಉಳಿಯಿತು! ಫ್ಯಾನ್ ಹಾಕಿ, ಕುರ್ಚಿಯಲ್ಲಿ ಕೂತು, ಹೆಡ್‌ಫೋನ್ ಏರಿಸಿ, ಎಂಟು ತಿಂಗಳಿಂದ ಹೆದರಿ ಹೆದರಿ ಬಾರಿಸಿದ್ದನ್ನೆಲ್ಲ ಒಂದೇ ಮಧ್ಯಾಹ್ನ ತೀರಿಸಿಕೊಳ್ಳುವವನಂತೆ ಶುರು ಮಾಡಿದ.

ಮುಂದಿನ ಅರ್ಧ ಗಂಟೆಯಲ್ಲಿ ಏನಾಯಿತೆಂಬುದು ಅವನಿಗೆ ಗೊತ್ತಾದದ್ದು ಆಮೇಲೆ. ಪಾತ್ರೆ ತೊಳೆಯಲು ಬರುವ ಯಮನವ್ವ, ಬಾಗಲಕೋಟೆ ಕಡೆಯವಳು, ಉಪ್ಪರಿಗೆಯ ಮೇಲೆ ಒಣಹಾಕಿದ ಬಟ್ಟೆ ತೆಗೆಯಲು ಬಂದವಳು ತೆರೆದ ಬಾಗಿಲಲ್ಲಿ ಇಣುಕಿದಳು. ಕಣ್ಣು ಮುಚ್ಚಿದೆ, ಹಲ್ಲು ಕಚ್ಚಿದೆ, ತಲೆ ಅತ್ತಿತ್ತ ಅಲ್ಲಾಡುತ್ತಿದೆ, ಇಡೀ ಮೈ ನಡುಗುತ್ತಿದೆ. ಎರಡೂ ಕಿವಿಯಿಂದ ವೈರು ಇಳಿದು ಗೋಡೆಯ ಪ್ಲಗ್ಗಿನ ಕಡೆ ಹೋಗಿದೆ. ಬಟ್ಟೆ ಅಲ್ಲೇ ಬಿಸಾಕಿ ಕೂಗುತ್ತಾ ಕೆಳಗೆ ಓಡಿದಳು.

“ಬರ್ರೀ ಯವ್ವಾ, ಲಗೂ ಬರ್ರೀ! ಮ್ಯಾಲಿನ ಹುಡುಗಗ ಕರೆಂಟ್ ಹಿಡದೈತಿ! ಕಿವಿಯಾಗ ವೈರ್ ತುರಕ್ಕೊಂಡಾನ!”

ಕರೆಂಟ್ ಎಂದು ಕೇಳಿದ್ದೇ ಲಿಗೋರಿ ಪೊರ್ಬುಗಳ ಮುಖ ಬಿಳಿಚಿತು. “ವೈರಾ? ನನಗೆ ಗೊತ್ತಿಲ್ಲಪ್ಪ. ನಾನು ಬೆಳಿಗ್ಗೆಯಿಂದ ಮನೆಯಲ್ಲೇ ಇದ್ದೇನೆ,” ಎಂದರು. ಯಾರೂ ಅವರನ್ನು ಏನೂ ಕೇಳಿರಲಿಲ್ಲ.

ಎಲ್ಲರೂ ಮೆಟ್ಟಿಲೇರಿದರು. ಯಮನವ್ವ ಕಸಬರಿಗೆಯ ಕೋಲೆತ್ತಿ ವೈರಿಗೆ ಹೊಡೆಯಲು ಮುಂದಾದಾಗ ಬೂಬಣ್ಣ ಕೈ ಅಡ್ಡ ಹಿಡಿದರು. ನಡುಗುವ ಮೈ, ಮುಚ್ಚಿದ ಕಣ್ಣು, ಏನೋ ಲೆಕ್ಕ ಹಾಕುವಂತೆ ಪಿಟಿಪಿಟಿ ಆಡುವ ತುಟಿ. ಅಂಥದ್ದನ್ನು ಅವರು ನಲವತ್ತು ವರ್ಷ ಎದುರು ನಿಂತು ನೋಡಿದ್ದರು.

“ಮುಟ್ಟಬೇಡಿ! ಇದು ಕರೆಂಟಲ್ಲ,” ಎಂದರು ತಗ್ಗಿದ ಧ್ವನಿಯಲ್ಲಿ. “ತಂತಿಯ ಮೇಲೆ ಕೈ ಓಡುತ್ತದೆ, ಶಬ್ದ ಇಲ್ಲ. ಅಮ್ಮಣ್ಣಿ, ಇದರ ಶಬ್ದ ಬೀದಿ ತನಕ ಕೇಳುತ್ತದೆ ಅಂತ ನೀನೇ ಹೇಳಿದ್ದಲ್ವಾ? ಆ ಶಬ್ದವನ್ನು ತೆಗೆದುಕೊಂಡದ್ದು ಯಾರು?”

“ದೇವರೇ,” ಎಂದು ಅಮ್ಮಣ್ಣಿಯಕ್ಕ ಕೈ ಮುಗಿದರು.

“ಅದೇ. ಕರೆಂಟ್ ಅಲ್ಲವೇ ಅಲ್ಲ. ಬೂಬಣ್ಣ ಹೇಳಿದ್ದು ಸರಿ,” ಎಂದು ಪೊರ್ಬುಗಳು ತುಂಬು ಮನಸ್ಸಿನಿಂದ ಒಪ್ಪಿ, ಶಿಲುಬೆ ಗುರುತು ಹಾಕಿಕೊಂಡರು.

ಬೂಬಣ್ಣ ಒಂದು ಚೊಂಬು ನೀರು ತರಿಸಿ, ತುಳಸಿ ಹಾಕಿ, ತಣ್ಣಗಾಗಲಿ ಎಂದು ಯೋಗೀಶನ ಮೇಲೆ ಮೂರು ಸಲ ಚಿಮುಕಿಸಿದರು. ಮೂರನೆಯ ಸಲ ಕೈ ಸ್ವಲ್ಪ ಧಾರಾಳವಾಯಿತು. ಹಲಸಿನ ಬೀಜ ‘ಚಿಟ್’ ಎಂದು, ಅದರ ಕೆಂಪು ದೀಪ ಆರಿತು.

ಕಿವಿಯೊಳಗಿನ ಮೈದಾನ ಒಮ್ಮೆಲೇ ಮೌನವಾದಾಗ ಯೋಗೀಶ ಕಣ್ಣು ಬಿಟ್ಟ. ಎದುರಿಗೆ ನಾಲ್ಕು ಜನ ಕೈ ಮುಗಿದು ನಿಂತಿದ್ದರು. ಅವನು ಮೆಲ್ಲಗೆ ಹೆಡ್‌ಫೋನ್ ತೆಗೆದ.

“ಎಲ್ಲಿಂದ ಬಂದದ್ದು?” ಎಂದು ಬೂಬಣ್ಣ ಬಹಳ ಮರ್ಯಾದೆಯಿಂದ ಕೇಳಿದರು.

ಯಜಮಾನ್ತಿಯ ಅಣ್ಣ, ಮೊದಲ ಸಲ ಮಾತಾಡಿಸುತ್ತಿದ್ದಾರೆ. ಯೋಗೀಶನೂ ಎದ್ದು ನಿಂತು ಮರ್ಯಾದೆಯಿಂದಲೇ ಉತ್ತರಿಸಿದ. “ಬಜಗೋಳಿಯಿಂದ.”

“ಘಟ್ಟದ ಬುಡದಿಂದ! ದೈವಗಳು ಇಳಿಯುವ ದಾರಿ ಅದೇ,” ಎಂದು ಬೂಬಣ್ಣ ತಂಗಿಯ ಕಡೆ ನೋಡಿದರು. “ಇಲ್ಲಿಗೆ ಬಂದು ಎಷ್ಟು ಸಮಯ?”

“ಎಂಟು ತಿಂಗಳಾಯಿತು.”

“ಅಣ್ಣಾ! ನನ್ನ ಮೊಣಕಾಲು ನೋವು ಶುರುವಾದದ್ದೂ ಎಂಟು ತಿಂಗಳ ಹಿಂದೆಯೇ,” ಎಂದರು ಅಮ್ಮಣ್ಣಿಯಕ್ಕ.

“ಈ ಮನೆಯವರಿಂದ ಎಂತ ಆಗಬೇಕು? ಮನಸ್ಸು ಬಿಚ್ಚಿ ಹೇಳಬೇಕು,” ಎಂದರು ಬೂಬಣ್ಣ.

ಬೆಳಿಗ್ಗೆ ಬೈದು ಹೋದದ್ದಕ್ಕೆ ಅಮ್ಮಣ್ಣಿಯಕ್ಕನಿಗೆ ಬೇಸರವಾಗಿ, ರಾಜಿ ಮಾಡಿಸಲು ಅಣ್ಣನನ್ನು ಕರೆಸಿದ್ದಾರೆ ಎಂದು ಯೋಗೀಶನಿಗೆ ಅನ್ನಿಸಿತು. “ನನಗೆ ಬೇರೆ ಎಂತದೂ ಬೇಡ. ಈ ಕೋಣೆಯಿಂದ ನನ್ನನ್ನು ಏಳಿಸಬೇಡಿ. ಅಷ್ಟು ಸಾಕು.”

ನಾಲ್ವರೂ ಇನ್ನೊಮ್ಮೆ ಕೈ ಮುಗಿದರು. ಬೂಬಣ್ಣ ತಂಗಿಯನ್ನು ಬಾಗಿಲಿನ ಹತ್ತಿರ ಕರೆದು ತೀರ್ಮಾನ ಹೇಳಿದರು. “ದೈವ ಜಾಗ ಹಿಡಿದಾಯಿತು ಅಮ್ಮಣ್ಣಿ. ಈ ಕೋಣೆ ತೊಳೆದು ದೀಪ ಇಡಬೇಕು. ಇನ್ನು ಮೇಲೆ ಇಲ್ಲಿ ಮೀನು ಬೇಯಬಾರದು, ಯಾರೂ ಮಲಗಬಾರದು.”

“ಹಾಗಾದರೆ ಈ ಹುಡುಗ?”

“ಹುಡುಗನನ್ನು ಇವತ್ತು ಸಂಜೆಯೇ ಬೇರೆ ಕಡೆ ಕಳಿಸು.”

ಯೋಗೀಶನಿಗೆ ಆಗ ಎಲ್ಲವೂ ಒಟ್ಟಿಗೆ ಹೊಳೆಯಿತು. ಸುಮ್ಮನಿದ್ದು, ಇನ್ನೊಮ್ಮೆ ನಡುಗಿ, ಹುಡುಗ ಇಲ್ಲೇ ಇರಲಿ ಎಂದು ಅಪ್ಪಣೆ ಕೊಡಿಸಿಬಿಡುವುದು ಕಷ್ಟವಿರಲಿಲ್ಲ. ಆದರೆ ದೈವದ ಹೆಸರಿನಲ್ಲಿ ಆಟ ಆಡುವ ಧೈರ್ಯ ಬಜಗೋಳಿಯಲ್ಲಿ ಹುಟ್ಟಿದವನಿಗೆ ಎಲ್ಲಿಂದ ಬರಬೇಕು?

“ಬೂಬಣ್ಣ, ತಪ್ಪು ತಿಳಿಯಬೇಡಿ, ನನ್ನ ಮೇಲೆ ಯಾವುದೂ ಬಂದದ್ದಲ್ಲ. ನಾನು ಗಿಟಾರ್ ಬಾರಿಸುತ್ತಿದ್ದೆ. ಶಬ್ದ ಈ ಪೆಟ್ಟಿಗೆಯೊಳಗೆ ಉಂಟು. ಇದನ್ನು ಕಿವಿಗೆ ಹಾಕಿ ನೋಡಿ,” ಎಂದು ಹೆಡ್‌ಫೋನನ್ನು ಅವರ ಕಿವಿಗೇರಿಸಿ ತಂತಿ ಮೀಟಿದ.

ಬೂಬಣ್ಣ ಬಹಳ ಹೊತ್ತು ಕಿವಿಗೊಟ್ಟು ಕೇಳಿದರು. “ಎಂತದೂ ಇಲ್ಲ.”

“ನೀರು ಬಿದ್ದು ಹಾಳಾಗಿದೆ ಅಷ್ಟೇ. ಪೊರ್ಬುಗಳೇ, ನೀವು ಹೇಳಿ! ಬೆಳಿಗ್ಗೆ ಒಟ್ಟಿಗೆ ಹೋಗಿ ತಂದದ್ದಲ್ವಾ?”

ಪೊರ್ಬುಗಳು ಯಮನವ್ವನ ಕೈಯ ಕೋಲನ್ನೊಮ್ಮೆ, ಪ್ಲಗ್ಗನ್ನೊಮ್ಮೆ ನೋಡಿದರು. “ನನಗೆ ನೆನಪಿಲ್ಲ ಮಾರಾಯ. ಬಹರೇನಿನ ಬಿಸಿಲಿನಿಂದ ನೆನಪು ಸ್ವಲ್ಪ ಕಮ್ಮಿ.”

“ಪಾಪ, ಹುಡುಗನಿಗೆ ಇನ್ನೂ ಪೂರ್ತಿ ಇಳಿದಿಲ್ಲ,” ಎಂದು ಅಮ್ಮಣ್ಣಿಯಕ್ಕ ಕಣ್ಣೊರೆಸಿಕೊಂಡು ಅವನ ಚಾಪೆ ಸುತ್ತತೊಡಗಿದರು.

ಇನ್ನೊಂದೇ ದಾರಿ ಉಳಿದಿತ್ತು. ಅದು ಮಂಚದಡಿಯಲ್ಲಿತ್ತು. ಆಂಪು ಹೊರಗೆಳೆದು ಬಾರಿಸಿದರೆ ದೈವವಲ್ಲ, ಗಿಟಾರ್ ಎಂದು ಸಾಬೀತಾಗುತ್ತದೆ. ಹಾಗೆಯೇ, ಬೆಳಿಗ್ಗೆ ನಿಲ್ಲಿಸು ಎಂದ ಸದ್ದನ್ನು ಮಧ್ಯಾಹ್ನ ಯಜಮಾನ್ತಿಯ ಎದುರೇ ಮಾಡಿದ ಹಾಗೂ ಆಗುತ್ತದೆ. ಬಾರಿಸದಿದ್ದರೆ ಇವತ್ತೇ ಹೊರಗೆ, ಬಾರಿಸಿದರೆ ತಿಂಗಳ ಕೊನೆಗೆ. ಹನ್ನೊಂದು ಜಗಲಿಗಳು ಕಣ್ಣ ಮುಂದೆ ಬಂದುಹೋದವು. ಹದಿನೈದು ದಿನವಾದರೂ ಸಿಗಲಿ ಎಂದು ಅವನು ಮಂಡಿಯೂರಿ ಆಂಪನ್ನು ಎಳೆದು, ವೈರು ಚುಚ್ಚಿ, ಕಣ್ಣು ಮುಚ್ಚಿ ಬಾರಿಸಿದ.

ಕಿಟಕಿಯ ಸರಳು ನಡುಗಿತು. ಅಂಗಳದ ಕಾಗೆಗಳು ಹಾರಿದವು. ಬೂಬಣ್ಣ ಎರಡು ಹೆಜ್ಜೆ ಹಿಂದೆ ಸರಿದು, “ಥತ್, ಗಿಟಾರೇ,” ಎಂದರು. ಅವರ ಮುಖದಲ್ಲಿ ನಿರಾಸೆ ಎದ್ದು ಕಾಣುತ್ತಿತ್ತು.

ಯೋಗೀಶ ನಿಲ್ಲಿಸಿ ತಲೆ ತಗ್ಗಿಸಿದ. “ಅಕ್ಕ, ಈ ಸದ್ದು ಆಗಬಾರದು ಅಂತಲೇ ಬೈಕಿನ ಹಣವೆಲ್ಲ ಕೊಟ್ಟು ಆ ಪೆಟ್ಟಿಗೆ ತಂದದ್ದು. ತಪ್ಪಾಯಿತು.”

“ಯಾವ ಸದ್ದು?” ಎಂದರು ಅಮ್ಮಣ್ಣಿಯಕ್ಕ.

“ಇದೇ, ಗಿಟಾರಿನದ್ದು.”

“ಇದು ನನಗೆ ಎಂತ ಮಾಡಿದೆ ಮಾರಾಯ? ಸಂಜೆ ಒಬ್ಬಳೇ ಕೂತಾಗ ಮೇಲೊಂದು ಜನ ಉಂಟು ಅಂತ ಧೈರ್ಯ ಇದರಿಂದ. ಸೀರಿಯಲ್ ನೋಡುವಾಗ ಇದು ಹಿಂದಿನಿಂದ ಬಂದರೆ ಅಳು ಸಮಾ ಬರುತ್ತದೆ. ನಾನು ಹೇಳಿದ್ದು ಅದು!” ಎಂದು ಅವನ ಬಲಗಾಲಿನ ಕಡೆ ಬೆರಳು ತೋರಿಸಿದರು.

ಯೋಗೀಶ ಕಾಲನ್ನು ನೋಡಿಕೊಂಡ. ಬೇರೆ ಯಾರದೋ ಕಾಲಿನ ಹಾಗೆ ಕಾಣಿಸಿತು.

“ಬಾರಿಸುವಾಗ ನೀನು ಕಾಲು ಕುಟ್ಟುತ್ತೀಯಲ್ಲ, ಧಬ್ ಧಬ್ ಅಂತ! ನನ್ನ ಒಲೆ ಇರುವುದು ಸರಿಯಾಗಿ ಅದರ ಕೆಳಗೆ. ಹಲಗೆಗೆ ಗೆದ್ದಲು ಹಿಡಿದಿದೆ. ನೀನು ಒಂದು ಸಲ ಕುಟ್ಟಿದರೆ ಒಂದು ಮುಷ್ಟಿ ಹುಡಿ ನನ್ನ ಪಾತ್ರೆಗೆ. ಅದನ್ನು ನೋಡಲಿ ಅಂತಲೇ ಬೆಳಿಗ್ಗೆ ಹಿಟ್ಟನ್ನು ಮೇಲೆ ತಂದು ತೋರಿಸಿದ್ದು. ಎಲ್ಲಿ ಆ ಹಿಟ್ಟು?”

ಯೋಗೀಶ ಸ್ಟವ್ವಿನ ಪಕ್ಕದ ಖಾಲಿ ಪಾತ್ರೆಯ ಕಡೆ ನೋಡಿದ. ಗೆದ್ದಲು ತಿಂದ ಹಲಗೆಯನ್ನು ತಾನು ನಾಲ್ಕು ದೋಸೆ ಮಾಡಿ ತಿಂದೆ ಎಂದು ಹೇಳುವುದಾದರೂ ಹೇಗೆ?

“ಖರೇ ಐತ್ರಿ,” ಎಂದಳು ಯಮನವ್ವ. “ಇವತ್ತಂತೂ ಮುಸುರಿ ತೊಳದಂಗೆಲ್ಲ ಮ್ಯಾಲಿಂದ ಹುಡಿ ಬೀಳ್ತಿತ್ತು.”

ಕಿವಿ ಮುಚ್ಚಿಕೊಂಡ ಮೇಲೆ ಇವತ್ತು ಎಂದಿಗಿಂತ ಜೋರಾಗಿ ಕುಟ್ಟಿದ್ದಾನೆ ಎಂದು ಅವನಿಗೆ ಈಗ ಅರ್ಥವಾಯಿತು. ಹೆರಾಲ್ಡನ ಶೋಕೇಸೂ ನೆನಪಾಯಿತು. ಕಲ್ಲಿನ ಲಾರಿ ಯಾವುದೆಂದು ತಿಳಿಯಿತು.

ಆದರೂ ಎದೆಯ ಮೇಲಿನ ಭಾರ ಇಳಿದ ಹಾಗಾಯಿತು. ಕಾಲು ತಾನೇ? “ಅಷ್ಟೇಯಾ ಅಕ್ಕ? ಕಾಲು ಇವತ್ತೇ ನಿಲ್ಲಿಸಿದೆ. ಈಗಲೇ ನೋಡಿ,” ಎಂದು ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಎರಡೂ ಪಾದಗಳನ್ನು ತೊಡೆಯಡಿ ಸಿಕ್ಕಿಸಿ, ಅತಿ ಚೆನ್ನಾಗಿ ಬರುವ ಪಾಠವನ್ನೇ ಆರಿಸಿ ಬಾರಿಸತೊಡಗಿದ.

ಎಂಟು ತಿಂಗಳಲ್ಲಿ ಅವನ ತಾಳವೆಲ್ಲ ಆ ಬಲಗಾಲಿನಲ್ಲಿ ವಾಸವಾಗಿತ್ತು. ಕಾಲು ಕಟ್ಟಿದ್ದೇ ಕೈ ದಿಕ್ಕು ತಪ್ಪಿತು. ಒಂದು ಕಡೆ ಓಡಿತು, ಇನ್ನೊಂದು ಕಡೆ ಕೂತೇಬಿಟ್ಟಿತು, ಮತ್ತೆ ಎದ್ದು ಯಾವುದೋ ಸ್ವರಕ್ಕೆ ಹೋಗಿ ಡಿಕ್ಕಿ ಹೊಡೆಯಿತು. ಲಿಗೋರಿ ಪೊರ್ಬುಗಳು ಮುಖ ಹಿಂಡಿದರು. ಯಮನವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅಮ್ಮಣ್ಣಿಯಕ್ಕ ಮಾತ್ರ ಕಣ್ಣು ಮುಚ್ಚಿ ಪೂರ್ತಿ ಎರಡು ನಿಮಿಷ ಸಹನೆಯಿಂದ ಕೇಳಿದರು.

“ನಿಲ್ಲಿಸು ಮಗಾ,” ಎಂದರು ಕೊನೆಗೆ, ಮೆತ್ತಗಿನ ಧ್ವನಿಯಲ್ಲಿ. “ಕಾಲು ಕುಟ್ಟಿದರೆ ನನ್ನ ಮನೆ ಉಳಿಯುವುದಿಲ್ಲ. ಕುಟ್ಟದಿದ್ದರೆ ನಾನು ಉಳಿಯುವುದಿಲ್ಲ. ತಿಂಗಳ ಕೊನೆಗೆ ಖಾಲಿ ಮಾಡು.”

ಮೆಟ್ಟಿಲ ತನಕ ಹೋದವರು ಮೊಣಕಾಲು ಹಿಡಿದುಕೊಂಡು ತಿರುಗಿ ನಿಂತರು.

“ಹೋಗುವಾಗ ನನ್ನ ಹಿಟ್ಟಿನ ಪಾತ್ರೆ ತೊಳೆದು ಕೊಟ್ಟು ಹೋಗು.”